ಕಳೆ ಕೊಚ್ಚುವ ಯಂತ್ರ ಮತ್ತು ಅದರ ಬೆಲ್ಟ್: ಹೊರುವವರ ಮೈಗೆ ಹೊಂದುವಂತೆ ಆರಿಸುವ ಕ್ರಮ

ಮಲೆನಾಡು ಮತ್ತು ಕರಾವಳಿಯ ಅಡಿಕೆ ತೋಟಗಳಲ್ಲಿ, ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಮುಂಗಾರು ಹಿಡಿದ ಮೇಲೆ ಕಳೆ ಮೊಣಕಾಲಿಗೆ ಬರಲು ಹೆಚ್ಚು ದಿನ ಬೇಕಿಲ್ಲ. ಕತ್ತಿ ಹಿಡಿದು ಸಾಲು ಸಾಲಾಗಿ ಕಳೆ ಸವರುವ ಆಳುಗಳು ಸಿಗುವುದು ಕಷ್ಟವಾಗುತ್ತ ಬಂದಂತೆ ಕಳೆ ಕೊಚ್ಚುವ ಯಂತ್ರ, ಅಂದರೆ ಬ್ರಷ್ ಕಟರ್, ಎರಡು ಮೂರು ಎಕರೆಯ ಹಿಡುವಳಿದಾರರ ಕೊಟ್ಟಿಗೆಗೂ ಬಂದಿದೆ. ಆದರೆ ಯಂತ್ರ ಕೊಳ್ಳಲು ಹೋದವರು ಸಾಮಾನ್ಯವಾಗಿ ಕೇಳುವುದು ಎಷ್ಟು ಸಿಸಿ, ಎಷ್ಟು ಬೆಲೆ, ಒಂದು ಟ್ಯಾಂಕಿಗೆ ಎಷ್ಟು ಹೊತ್ತು ಓಡುತ್ತದೆ ಎಂಬ ಮೂರು ಪ್ರಶ್ನೆಗಳನ್ನಷ್ಟೇ. ದಿನಕ್ಕೆ ನಾಲ್ಕೈದು ಗಂಟೆ ಅದನ್ನು ಹೊತ್ತು ನಡೆಯುವವರ ಹೆಗಲು, ಸೊಂಟ, ಬೆರಳುಗಳು ಏನಾಗುತ್ತವೆ ಎಂಬುದನ್ನು ಕೇಳುವವರು ಕಡಿಮೆ. ಪೆಟ್ಟಿಗೆಯ ಜೊತೆ ಬಂದ ತೆಳ್ಳನೆಯ ಪಟ್ಟಿಯನ್ನೇ ಯಂತ್ರವನ್ನು ಮೈಗೆ ತೂಗುಹಾಕುವ ಬೆಲ್ಟ್ ಎಂದು ಒಪ್ಪಿಕೊಂಡು ಮನೆಗೆ ಬರುತ್ತೇವೆ. ಯಂತ್ರಕ್ಕೆ ಕೊಡುವಷ್ಟೇ ಗಮನವನ್ನು ಬೆಲ್ಟಿಗೂ ಕೊಡಬೇಕು, ಎರಡನ್ನೂ ಹೊರುವವರ ಮೈಗೆ ತೊಡಿಸಿ ನೋಡಿಯೇ ಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ಮಾಡುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ಹಂತ 1: ಯಾರು ಹೊರುತ್ತಾರೆ, ಯಾವ ನೆಲದಲ್ಲಿ?

ಯಂತ್ರಕ್ಕೆ ಹಣ ಕೊಡುವವರು ಒಬ್ಬರು, ಅದನ್ನು ಹೊರುವವರು ಇನ್ನೊಬ್ಬರು ಆಗಿರುವುದು ನಮ್ಮ ತೋಟಗಳಲ್ಲಿ ಸಾಮಾನ್ಯ. ಹಾಗಿದ್ದರೆ ಅಂಗಡಿಗೆ ಹೋಗುವಾಗ ಓಡಿಸುವವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಐದಡಿ ಎತ್ತರದವರಿಗೂ ಆರಡಿ ಎತ್ತರದವರಿಗೂ ಒಂದೇ ಬೆಲ್ಟ್ ಒಂದೇ ರೀತಿ ಕೂರುವುದಿಲ್ಲ. ಕೆಲವು ಬೆಲ್ಟುಗಳ ಪಟ್ಟಿಗಳನ್ನು ಪೂರ್ತಿ ಎಳೆದು ಬಿಗಿದರೂ ಗಿಡ್ಡ ಮೈಯವರಿಗೆ ಯಂತ್ರ ತೂಗುವ ಕೊಕ್ಕೆ ತೊಡೆಯ ಮಧ್ಯಕ್ಕೆ ಇಳಿದು ನೇತಾಡುತ್ತದೆ. ಆಗ ಯಂತ್ರವನ್ನು ಹೊರುವುದು ಬೆಲ್ಟ್ ಅಲ್ಲ, ತೋಳುಗಳು. ಮನೆಯಲ್ಲಿ ಇಬ್ಬರು ಮೂವರು ಸರದಿಯ ಮೇಲೆ ಓಡಿಸುವುದಾದರೆ ಹಿಡಿಕೆಯ ಎತ್ತರವನ್ನೂ ಬೆಲ್ಟಿನ ಉದ್ದವನ್ನೂ ಸುಲಭವಾಗಿ ಬದಲಿಸಲು ಬರುವ ಮಾದರಿಯನ್ನೇ ಹುಡುಕಬೇಕು. ಒಬ್ಬೊಬ್ಬರ ಅಳತೆಗೂ ಪಟ್ಟಿಯ ಮೇಲೆ ಬೇರೆ ಬೇರೆ ಬಣ್ಣದ ಗುರುತು ಹಾಕಿಟ್ಟರೆ ಪ್ರತಿ ಸಲ ಹೊಸದಾಗಿ ಹೊಂದಿಸುವ ತಾಪತ್ರಯ ತಪ್ಪುತ್ತದೆ.

ಬಳಿಕ ನೆಲವನ್ನು ನೋಡಬೇಕು. ಸಮತಟ್ಟಾದ ಭಾಗಾಯತು ತೋಟದಲ್ಲಿ ಹೆಜ್ಜೆ ಹೆಜ್ಜೆಗೂ ಬಸಿಗಾಲುವೆ ದಾಟಬೇಕಾಗುತ್ತದೆ. ಗುಡ್ಡದ ತೋಟದಲ್ಲಿ ಇಳಿಜಾರು ಮತ್ತು ದರೆಗಳು (ಕಡಿದಾದ ಮಣ್ಣಿನ ಗೋಡೆಗಳು) ಇರುತ್ತವೆ. ತೆಂಗಿನ ತೋಟದಲ್ಲಿ ಸಾಲುಗಳ ನಡುವೆ ಜಾಗ ಧಾರಾಳವಾಗಿರುತ್ತದೆ. ಕಳೆಯ ಜಾತಿಯೂ ಮುಖ್ಯ. ಬರೀ ಹುಲ್ಲು, ನಾಚಿಕೆ ಮುಳ್ಳು ಇದ್ದರೆ ನೈಲಾನ್ ದಾರದ ತಲೆಯೇ (ಯಂತ್ರದ ತುದಿಯಲ್ಲಿ ತಿರುಗಿ ಕತ್ತರಿಸುವ ಭಾಗ) ಸಾಕು. ಲಂಟಾನ, ಕಮ್ಯುನಿಸ್ಟ್ ಗಿಡ, ಬಲಿತ ಕುರುಚಲು ಇದ್ದರೆ ಲೋಹದ ಬ್ಲೇಡು ಬೇಕು, ಅದನ್ನು ತಿರುಗಿಸುವ ಶಕ್ತಿಯೂ ಬೇಕು. ವರ್ಷಕ್ಕೊಮ್ಮೆ ಮಾತ್ರ ಸವರುವ ಬ್ಯಾಣಕ್ಕಾಗಿ (ತೋಟಕ್ಕೆ ಸೇರಿದ ಹುಲ್ಲಿನ ಜಾಗ) ದೊಡ್ಡ ಯಂತ್ರ ಕೊಂಡು, ವರ್ಷವಿಡೀ ಅದರ ಭಾರವನ್ನು ತೋಟದೊಳಗೆ ಹೊರುವುದು ಸರಿಯಾದ ಲೆಕ್ಕವಲ್ಲ. ಅಂತಹ ಜಾಗಕ್ಕೆ ದೊಡ್ಡ ಯಂತ್ರವಿರುವವರನ್ನು ಗಂಟೆ ಲೆಕ್ಕದಲ್ಲಿ ಕರೆಸಿಕೊಳ್ಳಬಹುದು.

ಹಂತ 2: ಬದಿಗೆ ತೂಗುವುದೋ, ಬೆನ್ನಿಗೆ ಹೊರುವುದೋ?

ಬದಿಗೆ ತೂಗುವ ಯಂತ್ರದಲ್ಲಿ ಉದ್ದನೆಯ ನೇರ ಕೊಳವೆಯ ಒಂದು ತುದಿಗೆ ಎಂಜಿನ್, ಇನ್ನೊಂದು ತುದಿಗೆ ಕತ್ತರಿಸುವ ತಲೆ ಇರುತ್ತದೆ, ಇಡೀ ಯಂತ್ರ ಬಲಸೊಂಟದ ಪಕ್ಕದಲ್ಲಿ ಒಂದು ಕೊಕ್ಕೆಯಿಂದ ತೂಗುತ್ತದೆ. ಎಡಗೈ ರೂಢಿಯವರಿಗೂ ಇದು ಬಲಬದಿಯಲ್ಲೇ ತೂಗಬೇಕು; ಗಾರ್ಡು (ಕತ್ತರಿಸುವ ತಲೆಯ ರಕ್ಷಣಾ ಕವಚ), ಆಕ್ಸಿಲರೇಟರು, ಸೈಲೆನ್ಸರು ಎಲ್ಲವೂ ಆ ಲೆಕ್ಕದಲ್ಲೇ ರಚನೆಯಾಗಿರುತ್ತವೆ. ಬೆನ್ನಿಗೆ ಹೊರುವ ಯಂತ್ರದಲ್ಲಿ ಎಂಜಿನ್ ಬೆನ್ನಿನ ಚೌಕಟ್ಟಿನ ಮೇಲೆ ಕೂರುತ್ತದೆ, ಅಲ್ಲಿಂದ ಬಳುಕುವ ಕೇಬಲ್ಲು ಕೈಯಲ್ಲಿರುವ ಕೊಳವೆಗೆ ಶಕ್ತಿ ಒಯ್ಯುತ್ತದೆ.

ಸಮತಟ್ಟು ನೆಲದಲ್ಲಿ, ಸಾಲುಗಳ ನಡುವೆ ಕೊಳವೆ ಬೀಸಲು ಜಾಗವಿದ್ದಲ್ಲಿ, ಬದಿಗೆ ತೂಗುವ ಯಂತ್ರವೇ ಸುಖ. ಸೈಕಲ್ಲಿನ ಹ್ಯಾಂಡಲ್ ಮಾದರಿಯ ಎರಡು ಹಿಡಿಕೆಗಳಿರುವ ಯಂತ್ರವನ್ನು ಕೈಯಿಂದ ಎಳೆದಾಡದೆ, ಸೊಂಟ ತಿರುಗಿಸುವುದರಿಂದಲೇ ಬೀಸಬಹುದು. ಕಡಿದಾದ ದರೆ, ಗಿಡಗಳ ಸಂದು, ಬಸಿಗಾಲುವೆಯ ಅಂಚು ಇಂಥಲ್ಲಿ ಅಗಲವಾದ ಹ್ಯಾಂಡಲ್ ಅಡ್ಡ ಬರುತ್ತದೆ. ಅಲ್ಲಿ ಬಳೆಯಾಕಾರದ ಒಂದೇ ಹಿಡಿಕೆ ಅಥವಾ ಬೆನ್ನಿಗೆ ಹೊರುವ ಯಂತ್ರ ಅನುಕೂಲ. ಆದರೆ ಬೆನ್ನಿನ ಯಂತ್ರಕ್ಕೆ ಎರಡು ದೋಷಗಳಿವೆ. ಎಂಜಿನ್ನಿನ ಶಾಖ ಮತ್ತು ನಡುಕ ನೇರವಾಗಿ ಬೆನ್ನಿಗೆ ತಾಗುತ್ತವೆ, ಶಬ್ದವೂ ಕಿವಿಗೆ ಹತ್ತಿರವಾಗುತ್ತದೆ. ಎರಡನೆಯದು ಇನ್ನೂ ಗಂಭೀರ: ಅವಸರದಲ್ಲಿ ಕಳಚಲು ಸುಲಭವಿಲ್ಲ. ಪೊದೆಯೊಳಗಿನ ಕಡಜದ ಗೂಡಿಗೆ ದಾರ ತಾಗಿದಾಗ ಯಂತ್ರವನ್ನು ಅಲ್ಲೇ ಬಿಟ್ಟು ಓಡಬೇಕಾಗುತ್ತದೆ ಎಂಬುದು ಮಲೆನಾಡಿನಲ್ಲಿ ಕಳೆ ಹೊಡೆಯುವ ಎಲ್ಲರಿಗೂ ಗೊತ್ತು. ಬೆನ್ನಿನ ಯಂತ್ರವನ್ನೇ ಕೊಳ್ಳುವುದಾದರೆ ಎದೆಯ ಬಕಲನ್ನು ಒಂದೇ ಕೈಯಲ್ಲಿ ಬಿಚ್ಚಲು ಬರುತ್ತದೆಯೇ ಎಂದು ಅಂಗಡಿಯಲ್ಲೇ ಪರೀಕ್ಷಿಸಿ.

ಮನೆಯಂಗಳ, ಹತ್ತಿಪ್ಪತ್ತು ಸೆಂಟ್ಸಿನ ಕೈತೋಟ ಇಷ್ಟೇ ಇರುವವರಿಗೆ ಬ್ಯಾಟರಿಯ ಹಗುರ ಯಂತ್ರ ಸಾಕು. ಹೊಗೆಯಿಲ್ಲ, ಚಾಲೂ ಮಾಡಲು ಹಗ್ಗ ಎಳೆಯುವ ಕಷ್ಟವಿಲ್ಲ, ನಡುಕವೂ ಕಡಿಮೆ. ಎಕರೆಗಟ್ಟಲೆ ಕೆಲಸಕ್ಕೆ ಅದನ್ನು ನೆಚ್ಚಬೇಕಾದರೆ ಹೆಚ್ಚುವರಿ ಬ್ಯಾಟರಿಗಳ ಖರ್ಚನ್ನು ಸೇರಿಸಿಕೊಂಡು ಲೆಕ್ಕ ಹಾಕಬೇಕು.

ಹಂತ 3: ಎಂಜಿನ್ನು ಮತ್ತು ನಿಜವಾದ ತೂಕ

ಅಡಿಕೆ, ಕಾಫಿ ತೋಟದ ದಿನನಿತ್ಯದ ಕಳೆಗೆ 25ರಿಂದ 35 ಸಿಸಿ ಎಂಜಿನ್ ಸಾಕಾಗುತ್ತದೆ. ಗಟ್ಟಿ ಕುರುಚಲಿನ ಕೆಲಸವೇ ಮುಖ್ಯವಾಗಿದ್ದರೆ ಮಾತ್ರ 40 ಸಿಸಿ ಮತ್ತು ಅದಕ್ಕಿಂತ ಮೇಲಿನದನ್ನು ಯೋಚಿಸಬಹುದು. ಸಿಸಿ ಏರಿದಂತೆ ತೂಕ, ಶಾಖ, ಇಂಧನದ ಖರ್ಚು ಮೂರೂ ಏರುತ್ತವೆ. ಕಡಿಮೆ ಬೆಲೆಗೆ ದೊಡ್ಡ ಸಿಸಿ ಕೊಡುತ್ತೇವೆಂದು ಮಾರುವ, ತಯಾರಕರ ಹೆಸರೇ ಸರಿಯಾಗಿ ಇಲ್ಲದ ಯಂತ್ರಗಳನ್ನು ಆರಿಸುವ ಮೊದಲು ಅವುಗಳ ಹಿಡಿಕೆಗಳನ್ನು ಹಿಡಿದು, ಎಂಜಿನ್ ಓಡಿಸಿ, ಕೈಗೆ ಬರುವ ನಡುಕವನ್ನು ಒಮ್ಮೆ ಅನುಭವಿಸಿ ನೋಡಿ.

ಎರಡು ಸ್ಟ್ರೋಕಿನ ಎಂಜಿನ್ ಹಗುರ, ಚುರುಕು. ಆದರೆ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು, ಹೊಗೆ ಹೆಚ್ಚು. ಗಾಳಿಯಾಡದ ದಟ್ಟ ಅಡಿಕೆ ತೋಟದಲ್ಲಿ ಆ ಹೊಗೆ ಓಡಿಸುವವರ ಮುಖದ ಸುತ್ತಲೇ ನಿಲ್ಲುತ್ತದೆ. 50:1 ಮಿಶ್ರಣವೆಂದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿ ಎಣ್ಣೆ, 25:1 ಎಂದರೆ 40 ಮಿಲಿ. ಯಾವುದೆಂಬುದನ್ನು ಯಂತ್ರದ ಮತ್ತು ಎಣ್ಣೆಯ ತಯಾರಕರು ಹೇಳಿದಂತೆಯೇ ಪಾಲಿಸಬೇಕು. ನಾಲ್ಕು ಸ್ಟ್ರೋಕಿನ ಎಂಜಿನ್ ಸ್ವಲ್ಪ ಭಾರ, ಆದರೆ ಹೊಗೆ ಕಡಿಮೆ, ಸದ್ದು ಮೃದು. ನಮ್ಮ ಕಡೆ ಬಹಳ ಬಳಕೆಯಲ್ಲಿರುವ ಹೋಂಡಾ ಜಿಎಕ್ಸ್ 35 ಎಂಜಿನ್ 35.8 ಸಿಸಿಯದು, ಅದಕ್ಕೆ ಪ್ರತ್ಯೇಕವಾಗಿ ಸುಮಾರು 100 ಮಿಲಿ ಎಣ್ಣೆ ಹಾಕಬೇಕು, ಯಾವ ಕಡೆ ವಾಲಿಸಿದರೂ ಓಡುವಂತೆ ಅದನ್ನು ರೂಪಿಸಲಾಗಿದೆ. ದರೆ ಸವರುವವರಿಗೆ ಇದು ಮುಖ್ಯವಾದ ಗುಣ. ದಿನವಿಡೀ ಓಡಿಸುವವರಿಗೆ ನಾಲ್ಕು ಸ್ಟ್ರೋಕಿನದೇ ಒಳ್ಳೆಯದೆಂದು ನನಗನಿಸುತ್ತದೆ. ಮೈ ಹಗುರ ಇರುವವರು, ದಿನಕ್ಕೆ ಒಂದೆರಡು ಗಂಟೆ ಮಾತ್ರ ಓಡಿಸುವವರು ಎರಡು ಸ್ಟ್ರೋಕಿನ ಸಣ್ಣ ಯಂತ್ರ ಆರಿಸಿದರೆ ತಪ್ಪಿಲ್ಲ.

ತೂಕದ ವಿಷಯದಲ್ಲಿ ಒಂದು ಎಚ್ಚರ ಬೇಕು. ಮಾಹಿತಿ ಪತ್ರದಲ್ಲಿ ಅಚ್ಚಾಗಿರುವುದು ಹೆಚ್ಚಾಗಿ ಇಂಧನ, ಕತ್ತರಿಸುವ ತಲೆ, ಗಾರ್ಡು ಇವು ಯಾವುವೂ ಇಲ್ಲದ ತೂಕ. 600 ಮಿಲಿಯ ಟ್ಯಾಂಕು ತುಂಬಿದರೆ ಪೆಟ್ರೋಲೇ ಸುಮಾರು 450 ಗ್ರಾಂ ಆಗುತ್ತದೆ, ಅದರ ಮೇಲೆ ತಲೆಯೂ ಗಾರ್ಡೂ ಸೇರುತ್ತವೆ. ಅಂಗಡಿಯಲ್ಲಿ ಕೊಕ್ಕೆಯ ತಕ್ಕಡಿ ಇದ್ದರೆ ಎಲ್ಲವನ್ನೂ ಜೋಡಿಸಿ ತೂಗಿಸಿ ನೋಡಿ. ಎರಡು ಯಂತ್ರಗಳನ್ನು ಹೋಲಿಸುವಾಗ ಈ ಪೂರ್ಣ ತೂಕವನ್ನೇ ಹೋಲಿಸಬೇಕು.

ಸಹಾಯಧನಕ್ಕೆ ಅರ್ಜಿ ಹಾಕುವವರು ಮೊದಲೇ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಯಾವ ಮಾದರಿಗಳು ಪಟ್ಟಿಯಲ್ಲಿವೆ ಎಂದು ವಿಚಾರಿಸಿಕೊಂಡು, ಆ ಪಟ್ಟಿಯೊಳಗಿನಿಂದಲೇ ಮೈಗೆ ಹೊಂದುವುದನ್ನು ಆರಿಸುವುದು ಜಾಣತನ. ಪುತ್ತೂರಿನ ಕೃಷಿ ಯಂತ್ರ ಮೇಳ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳದಂತಹ ಕಡೆ ಹಲವು ಕಂಪನಿಗಳ ಯಂತ್ರಗಳನ್ನು ಒಂದೇ ದಿನ ಹೆಗಲಿಗೆ ಹಾಕಿ ನೋಡಬಹುದು. ಅದಾಗದಿದ್ದರೆ ನೆರೆಯವರಿಂದ ಅರ್ಧ ದಿನಕ್ಕೆ ಕಡ ತಂದು ನಿಮ್ಮದೇ ತೋಟದಲ್ಲಿ ಓಡಿಸಿ ನೋಡುವುದು ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ.

ಹಂತ 4: ನಡುಕ ಮತ್ತು ಸದ್ದಿನ ಅಂಕಿಗಳನ್ನು ಓದುವುದು

ಹೆಸರುವಾಸಿ ಕಂಪನಿಗಳ ಕೈಪಿಡಿಗಳಲ್ಲಿ ಎಡ ಮತ್ತು ಬಲ ಹಿಡಿಕೆಯ ಕಂಪನವನ್ನು ಮೀಟರ್ ಪ್ರತಿ ಸೆಕೆಂಡಿನ ವರ್ಗ ಎಂಬ ಅಳತೆಯಲ್ಲಿ ಕೊಟ್ಟಿರುತ್ತಾರೆ. ಇದನ್ನು ಯಾರೂ ಓದುವುದಿಲ್ಲ. ನೆಮ್ಮದಿಯ ದೃಷ್ಟಿಯಿಂದ ಕೈಪಿಡಿಯಲ್ಲಿ ಇದಕ್ಕಿಂತ ಮುಖ್ಯವಾದ ಸಾಲು ಇನ್ನೊಂದಿಲ್ಲ. ಯುರೋಪಿನ ಒಕ್ಕೂಟ 2002ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ, ಎಂಟು ಗಂಟೆಯ ದಿನಕ್ಕೆ ಸರಾಸರಿ ಹಾಕಿದಾಗ ಕೈಗೆ ಬರುವ ಕಂಪನ 2.5 ದಾಟಿದರೆ ಮಾಲೀಕರು ಅದನ್ನು ತಗ್ಗಿಸುವ ಕ್ರಮ ಕೈಗೊಳ್ಳಬೇಕು, 5 ಅಂತೂ ದಾಟಲೇಬಾರದು. ಆ ಕಾನೂನು ನಮ್ಮ ದೇಶದ್ದಲ್ಲದಿದ್ದರೂ ಕೈಬೆರಳುಗಳು ಎಲ್ಲ ಕಡೆಯೂ ಒಂದೇ ಆದ್ದರಿಂದ ಈ ಅಂಕಿಗಳನ್ನು ನಾವೂ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಹಿಡಿಕೆಯಲ್ಲಿ 5ರಷ್ಟು ಕಂಪನವಿರುವ ಯಂತ್ರವನ್ನು ದಿನಕ್ಕೆ ಎರಡು ಗಂಟೆ ಓಡಿಸಿದರೆ ಮೊದಲ ಮಿತಿ ತಲುಪುತ್ತದೆ. ಕಂಪನ 10 ಆಗಿದ್ದರೆ ಅದೇ ಮಿತಿ ಅರ್ಧ ಗಂಟೆಯಲ್ಲೇ ಮುಗಿಯುತ್ತದೆ, ಎರಡು ಗಂಟೆಗೆ ಕೊನೆಯ ಮಿತಿಯೂ ಮುಟ್ಟುತ್ತದೆ. ಕಂಪನ ಇಮ್ಮಡಿಯಾದರೆ ಸುರಕ್ಷಿತ ಸಮಯ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ ಎಂಬುದೇ ಇದರ ಲೆಕ್ಕ.

ವರ್ಷಗಟ್ಟಲೆ ಈ ಮಿತಿ ಮೀರಿ ಕೆಲಸ ಮಾಡಿದವರಿಗೆ ಬೆರಳ ತುದಿಗಳು ಜೋಮು ಹಿಡಿಯುವುದು, ಚಳಿಯಲ್ಲಿ ಬಿಳಚಿಕೊಳ್ಳುವುದು, ಸಣ್ಣ ವಸ್ತು ಹಿಡಿಯಲು ಬಾರದಿರುವುದು ಆರಂಭವಾಗುತ್ತದೆ. ತಡವಾಗಿ ಗಮನಿಸಿದರೆ ಅದು ಪೂರ್ತಿ ಗುಣವಾಗುವುದಿಲ್ಲ. ಎಂಜಿನ್ನು ಮತ್ತು ಕೊಳವೆಯ ನಡುವೆ, ಹಿಡಿಕೆಯ ಬುಡದಲ್ಲಿ ರಬ್ಬರ್ ಅಥವಾ ಸ್ಪ್ರಿಂಗಿನ ಮೆತ್ತೆ ಇದೆಯೇ ಎಂದು ಕಣ್ಣಾರೆ ನೋಡಿ. ಅಂಚು ಮುಕ್ಕಾದ ಬ್ಲೇಡು, ಒಂದು ಕಡೆ ಉದ್ದ ಇನ್ನೊಂದು ಕಡೆ ಗಿಡ್ಡ ಉಳಿದ ನೈಲಾನ್ ದಾರ, ಇವು ಒಳ್ಳೆಯ ಯಂತ್ರವನ್ನೂ ನಡುಗಿಸುತ್ತವೆ ಎಂಬುದನ್ನು ಮರೆಯಬಾರದು.

ಸದ್ದಿಗೂ ಇಂಥದೇ ಲೆಕ್ಕ ಅನ್ವಯಿಸುತ್ತದೆ. 85 ಡೆಸಿಬೆಲ್ಲಿಗೆ ಎಂಟು ಗಂಟೆ ಎಂದು ಹಿಡಿದರೆ, ಪ್ರತಿ 3 ಡೆಸಿಬೆಲ್ ಏರಿದಂತೆ ಸಮಯ ಅರ್ಧವಾಗುತ್ತದೆ. 100ಕ್ಕೆ ಬರುವಾಗ ಹದಿನೈದು ನಿಮಿಷವಷ್ಟೇ ಉಳಿಯುತ್ತದೆ. ಪೆಟ್ರೋಲ್ ಯಂತ್ರಗಳು ಪೂರ್ಣ ವೇಗದಲ್ಲಿ ಓಡಿಸುವವರ ಕಿವಿಯ ಬಳಿ 90 ದಾಟುವುದು ಸಾಮಾನ್ಯವಾದ್ದರಿಂದ ಕಿವಿಯ ಮುಚ್ಚಳವನ್ನು ಯಂತ್ರದ ಜೊತೆಯೇ ಕೊಂಡುಬಿಡಬೇಕು.

ಹಂತ 5: ಬೆಲ್ಟಿನ ಆಯ್ಕೆ

ಒಂಟಿ ಹೆಗಲಿನ ಪಟ್ಟಿ ಎಡಹೆಗಲಿನಿಂದ ಅಡ್ಡಲಾಗಿ ಬಲಸೊಂಟಕ್ಕೆ ಬರುತ್ತದೆ. ಯಂತ್ರದ ಎಲ್ಲ ಭಾರವನ್ನೂ ಎಡಹೆಗಲು ಮತ್ತು ಕತ್ತಿನ ಬುಡ ಹೊರುತ್ತವೆ. ಮೈ ತಾನಾಗಿ ಅದನ್ನು ಸರಿದೂಗಿಸಲು ಒಂದು ಕಡೆಗೆ ವಾಲುತ್ತದೆ, ಸಂಜೆಗೆ ಸೊಂಟದ ಒಂದೇ ಬದಿ ನೋಯುತ್ತದೆ. ನಾಲ್ಕು ಕೆ.ಜಿ.ಯ ಸಣ್ಣ ಯಂತ್ರವನ್ನು ಅರ್ಧ ಗಂಟೆ ಓಡಿಸಲು ಇದು ಸಾಕು. ಅದಕ್ಕಿಂತ ಮೇಲೆ ಜೋಡಿ ಹೆಗಲಿನ ಬೆಲ್ಟ್ ಇಲ್ಲದೆ ಕೆಲಸ ಮಾಡಬಾರದು, ಆಳುಗಳಿಂದ ಮಾಡಿಸಲೂಬಾರದು. ಯಂತ್ರದ ಬೆಲೆಯ ಮುಂದೆ ಒಳ್ಳೆಯ ಬೆಲ್ಟಿನ ಬೆಲೆ ಸಣ್ಣದು. ಆ ಹಣ ಉಳಿಸುವುದು ಬೇರೊಬ್ಬರ ಬೆನ್ನಿನ ಮೇಲೆ ಉಳಿತಾಯ ಮಾಡಿದಂತೆ.

ಜೋಡಿ ಬೆಲ್ಟಿನಲ್ಲಿ ನೋಡಬೇಕಾದ ಅಂಶಗಳು ಹಲವು. ಹೆಗಲ ಮೆತ್ತೆ ನಾಲ್ಕು ಬೆರಳಿನಷ್ಟಾದರೂ ಅಗಲವಿರಬೇಕು, ಒತ್ತಿದರೆ ಪೂರ್ತಿ ಚಪ್ಪಟೆಯಾಗಬಾರದು. ಒಳಮೈಯಲ್ಲಿ ಬಲೆಯಂತಹ ಬಟ್ಟೆ ಇದ್ದರೆ ಮಳೆಗಾಲದ ಬೆವರು ಬೇಗ ಆರುತ್ತದೆ. ನುಣುಪಾದ ರೆಕ್ಸಿನ್ನಿನ ಮೆತ್ತೆ ಒದ್ದೆ ಅಂಗಿಯ ಮೇಲೆ ಜಾರಿ ಕತ್ತಿನ ಕಡೆಗೆ ಸರಿಯುತ್ತದೆ. ಬೆನ್ನಿನಲ್ಲಿ ಎರಡೂ ಪಟ್ಟಿಗಳು ಕೂಡುವ ಜಾಗದಲ್ಲಿ ಅಗಲವಾದ ಫಲಕವಿರುವುದು ಒಳ್ಳೆಯದು, ಬರೀ ಹೊಲಿಗೆಯ ಗಂಟು ಬೆನ್ನೆಲುಬಿಗೆ ಒತ್ತುತ್ತದೆ. ಸೊಂಟದ ಪಟ್ಟಿ ಇರಲೇಬೇಕು. ಅದು ಹೊಟ್ಟೆಯ ಮೇಲೆ ಕೂರದೆ ಸೊಂಟದ ಮೂಳೆಯ ಮೇಲೆ ಕೂರುವಂತಿದ್ದರೆ ಮಾತ್ರ ಭಾರ ಹೆಗಲಿನಿಂದ ಕೆಳಗಿಳಿದು ಕಾಲಿಗೆ ವರ್ಗವಾಗುತ್ತದೆ. ಬಲತೊಡೆಯ ಮೇಲೆ ಗಟ್ಟಿಯಾದ, ಅಂಗೈಗಿಂತ ದೊಡ್ಡದಾದ ಮೆತ್ತೆ ಇರಬೇಕು. ಪ್ರತಿ ಬೀಸಿಗೂ ಕೊಳವೆ ಬಂದು ತಾಗುವುದು ಅಲ್ಲಿಗೇ. ಮೆತ್ತೆ ಸಣ್ಣದಾದರೆ ಸಂಜೆಯ ಹೊತ್ತಿಗೆ ತೊಡೆಯ ಮೇಲೆ ನೀಲಿ ಗುರುತು ಮೂಡಿರುತ್ತದೆ.

ಇವೆಲ್ಲದರ ಮೇಲೆ, ತಟ್ಟನೆ ಕಳಚುವ ವ್ಯವಸ್ಥೆ. ಕೆಂಪು ಪಟ್ಟಿಯನ್ನೋ ಕೀಲನ್ನೋ ಒಮ್ಮೆ ಎಳೆದರೆ ಯಂತ್ರ ಮೈಯಿಂದ ಬೇರ್ಪಟ್ಟು ಬೀಳಬೇಕು. ಕಡಜ ಎದ್ದಾಗ, ದರೆಯಲ್ಲಿ ಕಾಲು ಜಾರಿದಾಗ, ಇಂಧನ ಸೋರಿ ಬೆಂಕಿ ಹತ್ತಿದಾಗ ಇದೊಂದೇ ಕಾಪಾಡುತ್ತದೆ. ಭಾರ ತೂಗುತ್ತಿರುವಾಗ, ಕೈಗವಸು ಹಾಕಿಕೊಂಡೇ, ಕಣ್ಣಿನಿಂದ ಹುಡುಕದೆ ಎಳೆಯಲು ಬರುತ್ತದೆಯೇ ಎಂದು ಅಂಗಡಿಯಲ್ಲಿ ಎರಡು ಮೂರು ಸಲ ಮಾಡಿ ನೋಡಿ. ಕೆಳಗೆ ಯಂತ್ರವನ್ನು ಹಿಡಿಯಲು ಒಬ್ಬರು ಇರಲಿ.

ಹಂತ 6: ತೊಟ್ಟು, ತೂಗಿಸಿ, ಸಮ ಮಾಡುವುದು

ಬೆಲ್ಟ್ ತೊಡುವ ಕ್ರಮ ಹೀಗಿರಲಿ. ಎಲ್ಲ ಪಟ್ಟಿಗಳನ್ನೂ ಸಡಿಲ ಬಿಟ್ಟು ತೊಟ್ಟುಕೊಳ್ಳಿ. ಮೊದಲು ಸೊಂಟದ ಪಟ್ಟಿಯನ್ನು ಮೂಳೆಯ ಮೇಲೆ ಕೂರಿಸಿ ಬಿಗಿಯಿರಿ. ಅನಂತರ ಎರಡೂ ಹೆಗಲ ಪಟ್ಟಿಗಳನ್ನು ಸಮನಾಗಿ ಎಳೆಯಿರಿ, ಕೊನೆಗೆ ಎದೆಯ ಬಕಲು ಹಾಕಿ. ಉಸಿರು ತುಂಬಿಕೊಂಡಾಗ ಎದೆ ಬಿಗಿಯಬಾರದು. ಈಗ ಕೊಕ್ಕೆ ಬಲಸೊಂಟದ ಮೂಳೆಗಿಂತ ಸುಮಾರು ಒಂದು ಅಂಗೈ ಅಗಲದಷ್ಟು ಕೆಳಗಿರಬೇಕು. ಇದಕ್ಕಿಂತ ಮೇಲಿದ್ದರೆ ಕೊಳವೆ ಪಕ್ಕೆಗೆ ಒತ್ತುತ್ತದೆ, ಕೆಳಗಿದ್ದರೆ ಬಾಗಿ ನಡೆಯಬೇಕಾಗುತ್ತದೆ.

ಅನಂತರ ಟ್ಯಾಂಕಿಗೆ ಅರ್ಧ ಇಂಧನ ಹಾಕಿ, ನೀವು ನಿಜವಾಗಿ ಬಳಸಲಿರುವ ತಲೆ ಮತ್ತು ಗಾರ್ಡು ಜೋಡಿಸಿ, ಎಂಜಿನ್ ಚಾಲೂ ಮಾಡದೆ ಕೊಕ್ಕೆಗೆ ತೂಗಿಸಿ ಎರಡೂ ಕೈ ಬಿಟ್ಟುಬಿಡಿ. ನೈಲಾನ್ ದಾರದ ತಲೆ ಅಥವಾ ಹುಲ್ಲಿನ ಬ್ಲೇಡು ಇದ್ದರೆ ತಲೆ ತಾನಾಗಿ ಇಳಿದು ನೆಲವನ್ನು ಮೃದುವಾಗಿ ತಾಗುವಂತಿರಬೇಕು. ಮರ ಕೊಯ್ಯುವ ಗರಗಸದ ಬ್ಲೇಡಾದರೆ ನೆಲದಿಂದ ಸುಮಾರು 20 ಸೆಂಟಿಮೀಟರ್ ಮೇಲೆ ನಿಲ್ಲಬೇಕು. ತಲೆ ಆಕಾಶ ನೋಡುತ್ತಿದ್ದರೆ ಕೊಕ್ಕೆಗೆ ಸಿಕ್ಕಿಸುವ, ಕೊಳವೆಯ ಮೇಲಿನ ಬಳೆಯನ್ನು ಎಂಜಿನ್ನಿನ ಕಡೆಗೆ ಸರಿಸಿ, ತಲೆ ಭಾರವಾಗಿ ನೆಲಕ್ಕೆ ಕುಕ್ಕುತ್ತಿದ್ದರೆ ತಲೆಯ ಕಡೆಗೆ ಸರಿಸಿ. ಬೆರಳು ಎರಡರಷ್ಟು ಸರಿಸಿದರೂ ವ್ಯತ್ಯಾಸ ಎದ್ದು ಕಾಣುತ್ತದೆ. ಬಳೆಯನ್ನು ಸರಿಸಲು ಬಾರದಂತೆ ಗಟ್ಟಿಯಾಗಿ ಜೋಡಿಸಿರುವ ಯಂತ್ರವನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ. ದಾರದ ತಲೆ ತೆಗೆದು ಬ್ಲೇಡು ಹಾಕಿದಾಗಲೆಲ್ಲ ಈ ಸಮತೋಲವನ್ನು ಹೊಸದಾಗಿ ನೋಡಿಕೊಳ್ಳಬೇಕು.

ಕೊನೆಗೆ ಹಿಡಿಕೆ. ನೆಟ್ಟಗೆ ನಿಂತಾಗ ಮೊಣಕೈಗಳು ಸ್ವಲ್ಪ ಬಾಗಿರಬೇಕು, ಹೆಗಲು ಕಿವಿಯ ಕಡೆಗೆ ಏರಬಾರದು, ಮಣಿಕಟ್ಟು ಮುರಿದಂತೆ ತಿರುಗಿರಬಾರದು. ಕಾಲುಗಳನ್ನು ಅಗಲಿಸಿ ನಿಂತು, ಬಲದಿಂದ ಎಡಕ್ಕೆ ಸೊಂಟದಿಂದ ತಿರುಗಿ ಹತ್ತು ಹನ್ನೆರಡು ಸಲ ಬೀಸಿ ನೋಡಿ. ಎಂಜಿನ್ನಿನ ಸೈಲೆನ್ಸರು ತೊಡೆಗೋ ಮೊಣಕೈಗೋ ತಾಗುವಂತಿದ್ದರೆ ಅದು ಈಗಲೇ ತಿಳಿಯುತ್ತದೆ. ತಲೆ ಸಾಮಾನ್ಯವಾಗಿ ಅಪ್ರದಕ್ಷಿಣವಾಗಿ ತಿರುಗುವುದರಿಂದ ಬಲದಿಂದ ಎಡಕ್ಕೆ ಬೀಸಿದಾಗ ಕಡಿದ ಹುಲ್ಲು ಎಡಕ್ಕೆ ಬೀಳುತ್ತದೆ, ನಡೆಯುವ ದಾರಿ ತೆರವಾಗುತ್ತದೆ. ಲೋಹದ ಬ್ಲೇಡಿನ ಮುಂದಿನ ಬಲಭಾಗ ಗಟ್ಟಿ ಬುಡಕ್ಕೆ ತಾಗಿದರೆ ಯಂತ್ರ ಒಮ್ಮೆಲೇ ಸಿಡಿದು ಪಕ್ಕಕ್ಕೆ ಹಾರುತ್ತದೆ. ಆ ಹೊಡೆತವನ್ನು ತಡೆಯುವುದೂ ಸರಿಯಾಗಿ ಬಿಗಿದ ಬೆಲ್ಟೇ.

ಎಂಜಿನ್ ಚಾಲೂ ಮಾಡಿಸಿ ನೋಡದೆ ದುಡ್ಡು ಕೊಡಬೇಡಿ. ಹಗ್ಗವನ್ನು ಓಡಿಸುವವರೇ ಎಳೆಯಲಿ, ಅಂಗಡಿಯವರಲ್ಲ. ಆಕ್ಸಿಲರೇಟರು ಬಿಟ್ಟಾಗ ತಲೆ ತಿರುಗುವುದು ಪೂರ್ತಿ ನಿಲ್ಲಬೇಕು. ನಿಲ್ಲದಿದ್ದರೆ ಹೊಂದಾಣಿಕೆ ಸರಿಯಿಲ್ಲವೆಂದು ಅರ್ಥ.

ಹಂತ 7: ದಾರ, ಗಾರ್ಡು ಮತ್ತು ಗಿಡದ ಬುಡ

ಅಂಗಡಿಯಿಂದ ಬಂದ ವಾರದೊಳಗೆ ಗಾರ್ಡು ಬಿಚ್ಚಿಡುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದೆ. ಹುಲ್ಲು ಸಿಕ್ಕಿಕೊಳ್ಳುತ್ತದೆ, ದಾರ ಉದ್ದ ಬಿಡಲಾಗುವುದಿಲ್ಲ ಎಂಬುದು ಕೊಡುವ ಕಾರಣ. ದಾರ ಉದ್ದವಾಗದಂತೆ ಗಾರ್ಡಿನ ಅಂಚಿನ ಸಣ್ಣ ಚಾಕು ಕತ್ತರಿಸುವುದೇ ಅದರ ಉದ್ದೇಶ. ಉದ್ದ ದಾರ ಎಂಜಿನ್ನಿನ ಮೇಲೆ ಹೊರೆ ಹೇರುತ್ತದೆ, ಕ್ಲಚ್ಚು ಬಿಸಿಯಾಗುತ್ತದೆ, ನಡುಕ ಏರುತ್ತದೆ, ಕಲ್ಲು ನೇರ ಮೊಣಕಾಲಿಗೆ ಬರುತ್ತದೆ. ಗಾರ್ಡು ಇರಲಿ, ದಾರದ ದಪ್ಪವೂ ತಯಾರಕರು ಹೇಳಿದ ಮಿತಿಯೊಳಗಿರಲಿ. ಓಡಿಸುವವರ ಸುತ್ತ 15 ಮೀಟರ್ ಒಳಗೆ ಯಾರೂ, ನಾಯಿಯೂ ಕೂಡ, ಬರಬಾರದು.

ಅಡಿಕೆಯ ಬುಡಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದರೆ ಯಂತ್ರವನ್ನು ಬುಡದಿಂದ ಸ್ವಲ್ಪ ದೂರದಲ್ಲೇ ನಿಲ್ಲಿಸಬೇಕು. ದಾರ ಬಳ್ಳಿಯ ಬುಡಕ್ಕೆ ಒಮ್ಮೆ ತಾಗಿದರೂ ತೊಗಟೆ ಸುಲಿಯುತ್ತದೆ, ಕೆಲವು ದಿನಗಳಲ್ಲಿ ಮೇಲಿನ ಎಲೆಗಳು ಬಾಡಿದಾಗಲೇ ಅದು ಗೊತ್ತಾಗುವುದು. ಎಳೆಯ ಅಡಿಕೆ ಸಸಿ, ಕಾಫಿ ಗಿಡ, ಸ್ಪ್ರಿಂಕ್ಲರ್ ಪೈಪು, ಹನಿ ನೀರಾವರಿಯ ಕೊಳವೆಗಳಿಗೂ ಇದೇ ಮಾತು. ಬುಡ ಬಿಡಿಸುವ ಕೆಲಸವನ್ನು ಮೊದಲು ಕತ್ತಿಯಿಂದ ಮುಗಿಸಿಕೊಂಡರೆ ಯಂತ್ರ ಹೊತ್ತವರು ಪದೇ ಪದೇ ಬಾಗಿ ನೋಡುವುದು, ಕೈ ತಡೆದು ಹಿಡಿಯುವುದು ತಪ್ಪುತ್ತದೆ. ಆಯಾಸ ಅರ್ಧ ಅಲ್ಲೇ ಇಳಿಯುತ್ತದೆ.

ಮುಖದ ಮುಂದಿನ ಪರದೆಗೆ ಮಳೆಗಾಲದಲ್ಲಿ ಜಾಲರಿಯದೇ ಒಳ್ಳೆಯದು, ಪ್ಲಾಸ್ಟಿಕ್ಕಿನದು ಉಸಿರಿನಿಂದ ಮಬ್ಬಾಗುತ್ತದೆ. ಆದರೆ ಜಾಲರಿಯೊಳಗಿಂದ ನುಣ್ಣನೆಯ ಚೂರುಗಳು ತೂರುತ್ತವೆ, ಆದ್ದರಿಂದ ಒಳಗೆ ಕನ್ನಡಕ ಹಾಕಿಕೊಳ್ಳಬೇಕು. ಕಾಲಿಗೆ ಹಿಡಿತವಿರುವ ಗಂಬೂಟು ಬೇಕು, ಚಪ್ಪಲಿಯಲ್ಲಿ ಕಳೆ ಹೊಡೆಯಲು ಯಾರನ್ನೂ ಬಿಡಬಾರದು.

ಹಂತ 8: ಮೊದಲ ಕೆಲವು ದಿನಗಳು

ಹೊಸ ಯಂತ್ರ ಬಂದ ದಿನವೇ ಇಡೀ ತೋಟ ಮುಗಿಸುವ ಉತ್ಸಾಹ ಬೇಡ. ಒಂದು ಟ್ಯಾಂಕು ಮುಗಿದಾಗ ಎಂಜಿನ್ ತಣ್ಣಗಾಗುವಷ್ಟು ಹೊತ್ತು ಬೆಲ್ಟ್ ಕಳಚಿ ಕುಳಿತುಕೊಳ್ಳಬೇಕು. ಬಿಸಿ ಎಂಜಿನ್ನಿಗೆ ಪೆಟ್ರೋಲು ಸುರಿಯುವ ಅಪಾಯವೂ ಇದರಿಂದ ತಪ್ಪುತ್ತದೆ, ಬೆರಳುಗಳಿಗೂ ರಕ್ತ ಮರಳುತ್ತದೆ. ಇಬ್ಬರು ಟ್ಯಾಂಕಿಗೊಬ್ಬರಂತೆ ಸರದಿ ಮಾಡಿಕೊಂಡರೆ ಇನ್ನೂ ಉತ್ತಮ. ಬಿಡುವಿನವರು ಬುಡ ಬಿಡಿಸಬಹುದು.

ಸಂಜೆ ಓಡಿಸಿದವರನ್ನು ಕೇಳಿ: ನೋವು ಎಲ್ಲಿದೆ? ಎಡಹೆಗಲೊಂದೇ ನೋಯುತ್ತಿದ್ದರೆ ಪಟ್ಟಿಗಳು ಸಮನಾಗಿಲ್ಲ. ಕತ್ತು ನೋಯುತ್ತಿದ್ದರೆ ಸೊಂಟದ ಪಟ್ಟಿ ಭಾರ ಹೊರುತ್ತಿಲ್ಲ. ಸೊಂಟದ ಹಿಂಭಾಗ ನೋಯುತ್ತಿದ್ದರೆ ಕೊಕ್ಕೆ ತೀರ ಕೆಳಗಿದೆ, ಅವರು ಬಾಗಿ ನಡೆದಿದ್ದಾರೆ. ಮುಂಗೈ ಬಿಗಿದುಕೊಂಡಿದ್ದರೆ ತಲೆ ಭಾರವಾಗಿದೆ, ಅವರು ಅದನ್ನು ದಿನವಿಡೀ ಕೈಯಲ್ಲಿ ಎತ್ತಿ ಹಿಡಿದಿದ್ದಾರೆ. ಒಂದೊಂದಕ್ಕೂ ಮೇಲೆ ಹೇಳಿದ ಹೊಂದಾಣಿಕೆಯಲ್ಲೇ ಪರಿಹಾರವಿದೆ. ಆದರೆ ರಾತ್ರಿ ಮಲಗಿದ ಮೇಲೂ ಬೆರಳು ಜುಮ್ಮೆನ್ನುತ್ತಿದ್ದರೆ, ಬೆಳಗಿನ ಚಳಿಯಲ್ಲಿ ತುದಿ ಬಿಳಚಿಕೊಂಡರೆ, ಬೆಲ್ಟ್ ಹೊಂದಿಸಿ ಸುಮ್ಮನಿರುವಂತಿಲ್ಲ. ಯಂತ್ರ ಓಡಿಸುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಕೂಲಿಯವರು ಇಂಥದನ್ನು ತಾವಾಗಿ ಹೇಳಿಕೊಳ್ಳುವುದು ಅಪರೂಪ, ಕೆಲಸ ತಪ್ಪೀತೆಂಬ ಅಂಜಿಕೆ ಇರುತ್ತದೆ. ಆದ್ದರಿಂದ ಕೇಳಿ ತಿಳಿದುಕೊಳ್ಳುವ ಹೊಣೆ ತೋಟದವರದೇ.

ಬೆಲ್ಟಿನ ಆರೈಕೆ ದೊಡ್ಡ ಕೆಲಸವಲ್ಲ. ವಾರಕ್ಕೊಮ್ಮೆ ನೀರಿನಲ್ಲಿ ಬೆವರು, ಕೆಸರು ತೊಳೆದು ನೆರಳಲ್ಲಿ ಒಣಗಿಸಿ, ಇಲಿಗೆ ಎಟುಕದಂತೆ ಮೊಳೆಗೆ ತೂಗುಹಾಕಿ. ಕೊಕ್ಕೆಯ ಸ್ಪ್ರಿಂಗು, ಕಳಚುವ ಕೀಲು, ಪಟ್ಟಿ ಮತ್ತು ಮೆತ್ತೆ ಕೂಡುವ ಕಡೆಯ ಹೊಲಿಗೆ ಇವನ್ನು ಪ್ರತಿ ಸಲ ತೊಡುವ ಮೊದಲು ಒಮ್ಮೆ ಎಳೆದು ನೋಡಬೇಕು. ಹೊಲಿಗೆ ಬಿಟ್ಟ ಬೆಲ್ಟನ್ನು ಗೋಣಿದಾರದಲ್ಲಿ ಹೊಲಿದು ಬಳಸಬೇಡಿ, ಬೆಲ್ಟ್ ಮಾತ್ರವೇ ಬಿಡಿಯಾಗಿ ಸಿಗುತ್ತದೆ. ಹೊಸದನ್ನು ತರುವಾಗಲೂ ಓಡಿಸುವವರನ್ನೇ ಕರೆದೊಯ್ದು, ಅವರ ಯಂತ್ರವನ್ನೇ ಕೊಕ್ಕೆಗೆ ತೂಗಿಸಿ ನೋಡಿ ತನ್ನಿ.